ಹೊರಗೆ ಮಲಗುವವರ ಅಂಗಡಿ

ಕಲಘಟಗಿ ಬಸ್ ನಿಲ್ದಾಣದಿಂದ ಯಲ್ಲಾಪುರದ ಕಡೆ ಹೊರಳುವ ರಸ್ತೆಯಲ್ಲಿ, ಒಂದು ಗೊಬ್ಬರದ ಅಂಗಡಿಗೂ ಮಾಬುಬಿಯ ಹೊಲಿಗೆ ಅಂಗಡಿಗೂ ನಡುವೆ ಸಾವಂತ್ರೆವ್ವನ ಅಂಗಡಿ ಇದೆ. ನಾನು ಮಿಶ್ರಿಕೋಟಿಯ ಶಾಲೆಗೆ ಮಾಸ್ತರನಾಗಿ ಬಂದ ವರ್ಷ, ಮೊದಲ ಮಳೆಗೆ ತೊಯ್ದು ತೊಪ್ಪೆಯಾಗಿ, ಬೈಕು ನಿಲ್ಲಿಸಿ, ರೇನ್‌ಕೋಟು ಕೇಳಿಕೊಂಡು ಒಳಗೆ ಹೋಗಿದ್ದೆ. ಆಕೆ ಕೋಟು ತೋರಿಸುವ ಮೊದಲು, ದಿನಾ ಯಾವ ದಾರಿಯಿಂದ ಹೋಗುತ್ತೀರಿ, ಮಳೆ ಎದುರಿಗೆ ಹೊಡೆಯುತ್ತದೋ ಬಾಜೂಕಿನಿಂದಲೋ ಎಂದು ವಿಚಾರಿಸಿದಳು. ಎದುರಿಗೆ ಎಂದೆ.

"ಹಂಗಾರ ಇದ ಬ್ಯಾಡ್ರಿ ಮಾಸ್ತರ. ಎದಿಮ್ಯಾಲಿನ ಚೈನಿನ್ಯಾಗ ನೀರ ಇಳಿತೈತಿ" ಎಂದು ಕೈಯಲ್ಲಿದ್ದ ದುಬಾರಿ ಕೋಟನ್ನು ಮಡಚಿ ಒಳಗಿಟ್ಟು, ಅದರ ಅರ್ಧ ಬೆಲೆಯ ಇನ್ನೊಂದನ್ನು ಕೊಟ್ಟಳು. ಇಂಥ ವ್ಯಾಪಾರ ಮಾಡುವ ಹೆಂಗಸು ಯಾರಿರಬಹುದು ಎಂದು ನನಗೆ ಕುತೂಹಲ ಹುಟ್ಟಿತು. ಆಮೇಲೆ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿಕೊಂಡು ಅಲ್ಲಿ ಕೂತು ಚಹಾ ಕುಡಿಯುವುದು ನನಗೆ ರೂಢಿಯಾಯಿತು. ಇಲ್ಲಿ ಬರೆಯುತ್ತಿರುವುದು ಹಾಗೆ ಕೂತಾಗ ಕೇಳಿದ್ದು, ಸ್ವಲ್ಪ ಕಣ್ಣಾರೆ ಕಂಡಿದ್ದು.

ಸಾವಂತ್ರೆವ್ವನದು ಕುಂದಗೋಳ ತಾಲೂಕಿನ ಯರಗುಪ್ಪಿಯ ಕುರಿಗಾರರ ಮನೆತನ. ಸುಗ್ಗಿ ಮುಗಿದ ಮೇಲೆ ಆಕೆಯ ತಂದೆ ಮುನ್ನೂರು ಕುರಿ ಹೊಡೆದುಕೊಂಡು, ಎರಡು ಕುದುರೆಗಳ ಮೇಲೆ ಸಂಸಾರ ಹೇರಿಕೊಂಡು, ಕರಿಮಣ್ಣಿನ ಹೊಲಗಳನ್ನು ದಾಟಿ ಕಲಘಟಗಿಯ ಭತ್ತದ ಗದ್ದೆಗಳಿಗೆ ಬರುತ್ತಿದ್ದ. ಗೊಬ್ಬರದ ಆಸೆಗೆ ರೈತರು ಕುಯ್ದ ಗದ್ದೆಯಲ್ಲಿ ಹಿಂಡನ್ನು ರಾತ್ರಿ ನಿಲ್ಲಿಸಿ ತರುಬಿಸಿಕೊಳ್ಳುತ್ತಿದ್ದರು. ಒಂದು ಗದ್ದೆಯಲ್ಲಿ ಎರಡು ರಾತ್ರಿ, ಮುಂದಿನದರಲ್ಲಿ ಮೂರು ರಾತ್ರಿ, ಹೀಗೆ ಬೇಸಿಗೆ ಪೂರ್ತಿ. ರೋಹಿಣಿ ಮಳೆ ಬರುವಷ್ಟರಲ್ಲಿ ತಿರುಗಿ ಯರಗುಪ್ಪಿಯ ಹಾದಿ. ಅಂಥ ಒಂದು ಗದ್ದೆಯ ಬದುವಿನ ಮೇಲೆ ಆಕೆ ಹುಟ್ಟಿದ್ದು. ಮೂರನೆಯ ದಿನಕ್ಕೇ ಹಿಂಡು ಮುಂದೆ ಹೊರಟಿತು. ಕೂಸನ್ನು ಕುರಿಮರಿ ಹಾಕುವ ಬಲೆಚೀಲದಲ್ಲಿ ಮಲಗಿಸಿ ಕುದುರೆಗೆ ಕಟ್ಟಿದರಂತೆ.

"ಒಂದ ಬಾಜೂಕ ನಾ, ಇನ್ನೊಂದ ಬಾಜೂಕ ಎರಡ ಮರಿ. ತೂಕಾ ಸರಿ ಆಗಬೇಕಲ್ರಿ" ಎಂದು ಆಕೆ ನಗುತ್ತಾಳೆ.

ಹತ್ತೊಂಬತ್ತು ವರ್ಷ ಆಕೆ ನಡೆದಳು. ಯಾವ ಹಳ್ಳದಲ್ಲಿ ಚೈತ್ರದವರೆಗೆ ನೀರಿರುತ್ತದೆ, ಯಾವ ಊರಿನ ನಾಯಿಗಳು ಕೆಟ್ಟವು, ಯಾವ ಜಾಲಿ ಮರದ ಕಾಯಿಗೆ ಕುರಿ ಓಡುತ್ತವೆ, ಎಲ್ಲ ಇವತ್ತಿಗೂ ಬಾಯಿಪಾಠ. ಹತ್ತೊಂಬತ್ತಕ್ಕೆ ಮದುವೆಯಾಯಿತು. ಗಂಡ ಅಮೋಘಸಿದ್ದಪ್ಪನೂ ಕುರಿಗಾರನೇ. ಆದರೆ ಮದುವೆಗೆ ಮೊದಲೇ, ಹಿಂಡು ರಸ್ತೆ ದಾಟುವಾಗ ಲಾರಿಯೊಂದು ನುಗ್ಗಿ ಹದಿನಾಲ್ಕು ಕುರಿ ಸತ್ತು, ಅವನ ಬಲಗಾಲೂ ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿತು. ಹಿಂಡಿನ ಹಿಂದೆ ನಡೆಯಲಾಗದವನು ಉಳಿದ ಕುರಿ ಮಾರಿ, ಕಲಘಟಗಿಯಲ್ಲಿ ಒಂದು ಮಳಿಗೆ ಹಿಡಿದು, ನಡೆಯುವವರಿಗೆ ಬೇಕಾದ ಸಾಮಾನು ಮಾರಲು ಕೂತ. ಕಂಬಳಿ, ಹಗ್ಗ, ಕುರಿಯ ಕೊರಳ ಗಂಟೆ, ಉಣ್ಣೆ ಕತ್ತರಿಸುವ ಕತ್ತರಿ, ಮೂರು ಸೆಲ್ಲಿನ ಬ್ಯಾಟರಿ, ಟಾಯರಿನ ಅಟ್ಟೆಯ ಚಪ್ಪಲಿ.

"ನಮ್ಮಪ್ಪ, ಕುಂತ ಉಣ್ಣೂ ಮನಿ ಸಿಕ್ಕೈತಿ, ನಿನ್ನ ನಸೀಬ ದೊಡ್ಡದು ಅಂದಾರಿ. ನನಗ ನೋಡಿದ್ರ, ನಾಕೂ ಕಡೆ ಗ್ವಾಡಿ, ಮ್ಯಾಲ ಹಂಚು. ಬಿಟ್ಟ ಉಸರ ಗ್ವಾಡಿಗೆ ಬಡದ ತಿರುಗಿ ಬಂದಂಗ ಆಗತಿತ್ತು."

ಮೊದಲ ಆರು ತಿಂಗಳು ಆಕೆ ಹಿತ್ತಲಿನಲ್ಲೇ ಹಾಸಿಕೊಂಡಳು. ನೆರೆಯವರು ಗಂಡ ಹೆಂಡಿರಲ್ಲಿ ಜಗಳವೆಂದು ತಿಳಿದರು. ಅಮೋಘಸಿದ್ದಪ್ಪ ಹೆಚ್ಚು ಮಾತಿನವನಲ್ಲ. ಗಿರಾಕಿ ಬಂದರೆ ಮೊದಲು ಅವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ತಿರುವಿ ನೋಡುತ್ತಿದ್ದ. ಅಟ್ಟೆ ಸವೆದ ಬಗೆ ನೋಡಿ ಎಷ್ಟು ದೂರದಿಂದ ಬಂದಿದ್ದಾರೆ ಎಂದು ಹೇಳುತ್ತಿದ್ದ, ಅದು ತಪ್ಪುತ್ತಿರಲಿಲ್ಲ. ಒಮ್ಮೆ ದೊಡ್ಡದೊಂದು ಹಿಂಡು ಅಂಗಡಿಯ ಮುಂದೆ ಹಾಯ್ದು ಹೋಗುವಾಗ ಆತ ಕೋಲೂರಿ ಹೊಸ್ತಿಲಲ್ಲಿ ನಿಂತಿದ್ದ. ತುಟಿ ಅಲ್ಲಾಡುತ್ತಿರಲಿಲ್ಲ, ಗಂಟಲಲ್ಲಿ ಮಾತ್ರ ಕುರಿ ಹೊಡೆಯುವ ಸದ್ದು ಸಣ್ಣಗೆ ಹೊರಡುತ್ತಿತ್ತು. ಒಳಗಿನಿಂದ ನೋಡುತ್ತಿದ್ದ ಸಾವಂತ್ರೆವ್ವನಿಗೆ, ಹಂಬಲ ತನ್ನೊಬ್ಬಳದಲ್ಲ ಎಂದು ಅಂದು ತಿಳಿಯಿತು. ಆ ಮೇಲೆ ಆಕೆ ಹಾಸಿಗೆಯನ್ನು ಒಳಗೆ ತಂದಳಂತೆ.

ಅಂಗಡಿ ಇಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. ಪುಷ್ಯ ಮಾಸ ಬಂತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಹಿಂಡುಗಳೆಲ್ಲ ಈ ಭಾಗಕ್ಕೆ ಇಳಿಯುತ್ತಿದ್ದವು. ಗಂಡಸರು ಕಂಬಳಿ ಕೊಡವಿ ನೋಡುತ್ತಿದ್ದರೆ ಆಕೆ ಹೆಂಗಸರನ್ನು ಕೂರಿಸಿಕೊಂಡು, ಎಲ್ಲಿ ತರುಬಿದಿರಿ, ಯಾರ ಬಾವಿಯ ನೀರು, ಆ ಹುಣಸೆಮರ ಇದೆಯೇ ಎಂದು ಕೇಳಿ ಕೇಳಿ ದಾರಿಯನ್ನೆಲ್ಲ ಕೂತಲ್ಲೇ ನಡೆದು ಮುಗಿಸುತ್ತಿದ್ದಳು.

ಆಮೇಲೆ ಒಂದೊಂದೇ ಬದಲಾದವು. ಲಾರಿಯಲ್ಲಿ ತಂದು ಬೀದಿಯಲ್ಲಿ ಮಾರುವ ಬಣ್ಣದ ಚಾದರಗಳು ಕಂಬಳಿಯ ಕಾಲು ಭಾಗದ ಬೆಲೆಗೆ ಸಿಕ್ಕವು. ಮಳೆಗೆ ಕಂಬಳಿಯ ಕೊಪ್ಪೆ ಹಾಕಿಕೊಳ್ಳುತ್ತಿದ್ದವರು ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದ್ದರು. ಕಂಬಳಿ ನೇಯುವವರ ಮಕ್ಕಳು ಸಾಲೆ ಕಲಿತು ಬೇರೆ ಕೆಲಸ ಹಿಡಿದರು. ಅದು ತಪ್ಪೆಂದು ಆಕೆ ಯಾವತ್ತೂ ಅನ್ನಲಿಲ್ಲ. ಗದ್ದೆಗಳಲ್ಲಿ ಕಬ್ಬು ಬಂತು, ಕೆಲವು ಕಡೆ ಪ್ಲಾಟುಗಳ ಕಲ್ಲು ನೆಟ್ಟರು. ಉಳಿದ ಹಿಂಡುಗಳವರು ಸಾಮಾನು ಹೇರಲು ಕುದುರೆ ಬಿಟ್ಟು ಸಣ್ಣ ಲಾರಿ ಮಾಡಿಕೊಂಡರು. ಕುದುರೆ ಅಂಗಡಿಯ ಮುಂದೆ ತಾನಾಗಿ ನಿಲ್ಲುತ್ತಿತ್ತು, ಲಾರಿ ನಿಲ್ಲಲಿಲ್ಲ. ಎಂಟು ವರ್ಷದ ಹಿಂದೆ ಅಮೋಘಸಿದ್ದಪ್ಪ ತೀರಿಕೊಂಡಾಗ ಅಂಗಡಿಯಲ್ಲಿ ನಾಲ್ಕು ಕಂಬಳಿ ಇದ್ದವು. ನಾಲ್ಕಕ್ಕೂ ನುಸಿ ಹತ್ತಿತ್ತು.

ಮಗ ಮಾಳಿಂಗರಾಯ ಚುರುಕು. ಕೊರೊನಾ ಕಳೆದ ಮೇಲೆ ಶನಿವಾರ ಬಂದರೆ ಸಾಕು, ಹುಬ್ಬಳ್ಳಿ ಕಡೆಯಿಂದ ಕಾರುಗಳ ಸಾಲು ಯಲ್ಲಾಪುರದ ಜಲಪಾತಗಳಿಗೆ ಹೋಗುವುದನ್ನು ಅವನು ಗಮನಿಸಿದ. ಒಂದು ದಿನ ಬಂದು ಹೇಳಿದ:

"ಅವ್ವಾ, ಮನಿ ಇದ್ದಾವ್ರು ರೊಕ್ಕಾ ಕೊಟ್ಟ ಹೊರಗ ಮಲಗಾಕ ಹೊಂಟಾರ."

"ಏನ ಹುಚ್ಚ ಹಿಡದೈತೇನಲೇ ಅವ್ರಿಗೆ?"

"ಹುಚ್ಚರ ಹಿಡೀಲಿ, ಏನರ ಆಗಲಿ. ಅವ್ರಿಗೆ ಟೆಂಟ್ ಬೇಕು, ಬೂಟ್ ಬೇಕು, ಹಣಿಗೆ ಕಟಗೊಳ್ಳೂ ಬ್ಯಾಟರಿ ಬೇಕು. ನಮ್ಮಂಗಡಿ ದಾರಿಮ್ಯಾಲ ಐತಿ."

ಸಾವಂತ್ರೆವ್ವ ಬಹಳ ಹೊತ್ತು ನಕ್ಕಳು, ಆಮೇಲೆ ಒಪ್ಪಿದಳು. ಬೋರ್ಡು ಬದಲಾಯಿತು. ಕಿತ್ತಳೆ, ಹಳದಿ, ನೀಲಿ ಟೆಂಟುಗಳು ಬಂದವು. ಬೆನ್ನಿಗೆ ಹಾಕುವ ದೊಡ್ಡ ಚೀಲಗಳು, ಜಿಗಣೆ ಹತ್ತದ ಕಾಲುಚೀಲಗಳು, ಮಡಚುವ ಕುರ್ಚಿಗಳು ಬಂದವು. ಅವನೆಣಿಕೆ ತಪ್ಪಲಿಲ್ಲ. ಎರಡು ವರ್ಷ ವ್ಯಾಪಾರ ಜೋರಾಯಿತು. ಆಶ್ಚರ್ಯವೆಂದರೆ, ಅದರಲ್ಲಿ ಅವನಿಗಿಂತ ಹೆಚ್ಚು ಹಿಗ್ಗಿದವಳು ಆಕೆ. ಟೆಂಟು ಕೊಂಡವರನ್ನು ಹಾಗೇ ಕಳಿಸುತ್ತಿರಲಿಲ್ಲ. ಹಳ್ಳದ ದಂಡೆಗೆ ಹಾಕಬೇಡಿರಿ, ಮೇಲೆ ಮಳೆಯಾದರೆ ತಿಳಿಯುವುದಿಲ್ಲ. ಇರುವೆ ಗೂಡು ನೋಡಿಕೊಳ್ಳಿರಿ. ಒಣಗಿದ ಟೊಂಗೆಯ ಕೆಳಗೆ ಬೇಡ. ಕೆಲವರು ನಗುತ್ತಿದ್ದರು, ಕೆಲವರು ಮೊಬೈಲಿನಲ್ಲಿ ಆಕೆಯ ಮಾತನ್ನು ಹಿಡಿದುಕೊಳ್ಳುತ್ತಿದ್ದರು. ಸೋಮವಾರ ಯಾರಾದರೂ ತಿರುಗಿ ಹೋಗುವಾಗ ಅಂಗಡಿಗೆ ಬಂದು, "ಅಜ್ಜಿ, ನೀವು ಹೇಳಿದಂಗ ಎತ್ತರದಾಗ ಹಾಕಿದ್ವಿ" ಅಂದರೆ ಆಕೆಗೆ ಆ ದಿನ ಊಟ ಬೇಕಿರಲಿಲ್ಲ.

ಆದರೆ ಅದೂ ಬಹಳ ದಿನ ಉಳಿಯಲಿಲ್ಲ. ಬಂದವರು ಬೂಟು ಹಾಕಿ ನೋಡಿ, ನಾಲ್ಕು ಹೆಜ್ಜೆ ನಡೆದು, ಅದರ ಚೀಟಿಯ ಫೋಟೋ ತೆಗೆದುಕೊಂಡು ಬಿಚ್ಚಿಟ್ಟು ಹೋಗತೊಡಗಿದರು. ಮೊಬೈಲಿನಲ್ಲಿ ತರಿಸಿದರೆ ಅಗ್ಗ. ಹುಬ್ಬಳ್ಳಿಯಲ್ಲಿ ಮೂರು ಮಹಡಿಯ ಅಂಗಡಿಯೊಂದು ತೆರೆಯಿತು. ಒಂದು ಮಳೆಗಾಲದಲ್ಲಿ ಘಟ್ಟದ ಕಡೆ ಅಲ್ಲಲ್ಲಿ ಗುಡ್ಡ ಕುಸಿದು, ಜಲಪಾತಗಳಿಗೆ ಹೋಗುವುದು ಬಂದ್ ಆಯಿತು. ಅಟ್ಟದ ಮೇಲೆ ಹತ್ತೊಂಬತ್ತು ಟೆಂಟು ಉಳಿದವು. ಮಾಳಿಂಗರಾಯ ಮತ್ತೆ ಲೆಕ್ಕ ಬದಲಿಸಿದ. ಗುಡ್ಡ, ಕಾಡು, ಹುಲಿಯ ಚಿತ್ರ ಇರುವ ಬನಿಯನ್ನುಗಳನ್ನು, ಟೋಪಿಗಳನ್ನು ತಂದು ಮುಂಭಾಗದಲ್ಲಿ ತೂಗುಹಾಕಿದ. ಕಾಲೇಜಿನ ಹುಡುಗರು ಕೊಂಡರು.

"ಗುಡ್ಡಕ್ಕ ಹೋಗೂದ ಬ್ಯಾಡ ಇವ್ರಿಗೆ. ಗುಡ್ಡಾ ಎದಿಮ್ಯಾಲ ಇದ್ರ ಸಾಕು" ಎಂದು ಸಾವಂತ್ರೆವ್ವ ನನ್ನ ಹತ್ತಿರ ಹೇಳಿದಳು. ಆ ಸಲ ನಗಲಿಲ್ಲ.

ಹೀಗಿರುವಾಗ ಒಂದು ಮೇ ತಿಂಗಳ ಮೊದಲ ವಾರ, ಮಿಶ್ರಿಕೋಟಿಯ ಹತ್ತಿರ ತರುಬಿದ್ದ ಹಿಂಡಿನಿಂದ ಸುವರ್ಣಾ ಬಂದಳು. ಸಾವಂತ್ರೆವ್ವನ ತಮ್ಮ ಭರಮಪ್ಪ ಇನ್ನೂ ಕುರಿ ಬಿಟ್ಟಿಲ್ಲ, ಸುವರ್ಣಾ ಅವನ ಸೊಸೆ. ಕಂಕುಳಲ್ಲಿ ಎರಡು ತಿಂಗಳ ಕೂಸು. ಹಿಂದಿನ ದಿನ ಗುಡುಗಿನ ಮಳೆ ಬಿದ್ದು ಕೂಸಿಗೆ ನೆಗಡಿಯಾಗಿತ್ತು.

"ಅತ್ತಿ, ಏನರ ಒಂದ ಕೊಡ್ರಿ. ತಾಡಪತ್ರಿ ಗಾಳಿಗೆ ನಿಲ್ಲವಲ್ದು. ಕೂಸಿಗೆ ಮಲಿ ಕುಡಸೂದಂದ್ರ ಸೀರಿ ಅಡ್ಡ ಹಿಡಕೊಂಡ ಕುಂದರಬೇಕು, ರಸ್ತಾದಾಗ ಹೋಗಾವ್ರೆಲ್ಲಾ ನೋಡತಾರ. ಅರಿಬಿ ಬದಲ ಮಾಡಾಕೂ ಜಾಗಾ ಇಲ್ಲ."

ಸಾವಂತ್ರೆವ್ವನಿಗೆ ಅಟ್ಟದ ನೆನಪಾಯಿತು. ತಾನೇ ಏಣಿ ಹತ್ತಿ, ಎಲ್ಲಕ್ಕಿಂತ ಒಳ್ಳೆಯ ಟೆಂಟನ್ನು ಇಳಿಸಿ, ಹೇಗೆ ಹಾಕಬೇಕೆಂದು ಅಂಗಳದಲ್ಲಿ ತೋರಿಸಿ ಕೊಟ್ಟು ಕಳಿಸಿದಳು.

ನಾಲ್ಕು ದಿನಕ್ಕೆ ಸುವರ್ಣಾ ಅದನ್ನು ಮಡಚಿ ತಿರುಗಿ ತಂದಳು. ಮುಖ ಸಣ್ಣದಾಗಿತ್ತು. ಭತ್ತದ ಕೂಳೆಗೆ ಅದರ ನೆಲಹಾಸು ತೂತು ಬಿದ್ದಿತ್ತು. ಟಗರು ಮೈ ತಿಕ್ಕಿ ಒಂದು ಕಡ್ಡಿ ಮುರಿದಿತ್ತು. ಹಗಲು ಒಳಗೆ ಕೂತರೆ ಕೂಸಿನ ಮೈಯೆಲ್ಲ ಬೆವರುಸಾಲೆ. ಮೂರನೆಯ ದಿನ ಚೈನು ಕಿತ್ತು ಬಂದಿತ್ತು.

"ನನ್ನ ಕೈಯಿಂದ ಹಾಳಾತು ಅತ್ತಿ" ಎಂದಳು.

"ನಿನ್ನ ಕೈಯಿಂದ ಅಲ್ಲವ್ವಾ" ಎಂದು ಸಾವಂತ್ರೆವ್ವ ಹೇಳಿದಳಂತೆ. ಅವಳು ಹೋದ ಮೇಲೆ ಎಷ್ಟೋ ಹೊತ್ತು ಆ ಹರಿದ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಆ ಶನಿವಾರ ನನಗೆ ಹೇಳಿದ್ದಿಷ್ಟೇ: "ಹತ್ತೊಂಬತ್ತ ವರ್ಷ ಹೊರಗ ಇದ್ದೇನ್ರಿ ಮಾಸ್ತರ. ಹೊರಗ ಇರೂ ಹೆಣಮಗಳಿಗೆ ಏನ ಬೇಕು ಅನ್ನೂದ ಮರತ ಹೋಗೈತಿ ನೋಡ್ರಿ. ಇನ್ನ ನಾ ಯಾತರ ಅಂಗಡಿಯಾಕಿ?"

ಮೇ ಮಧ್ಯಕ್ಕೆ ಹಿಂಡು ಯರಗುಪ್ಪಿಗೆ ತಿರುಗಿತು. ಹೊರಡುವ ದಿನ ಬೆಳಗ್ಗೆ ಸಾವಂತ್ರೆವ್ವ ಒಂದು ಸೀರೆ, ಎರಡು ರೊಟ್ಟಿ ಗಂಟು ಕಟ್ಟಿಕೊಂಡು, ಹಿಂಡಿನ ಜೊತೆ ನಡೆಯಲೆಂದು ಮಿಶ್ರಿಕೋಟಿಯ ಬಸ್ಸು ಹಿಡಿಯಲು ಹೊರಟಳು. ಮಾಳಿಂಗರಾಯ ಬಾಗಿಲಿಗೆ ಅಡ್ಡ ನಿಂತ.

"ಐವತ್ತೆಂಟ ವರ್ಷದಾಗ ನಡಕೋತ ಹೊಕ್ಕಿಯೇನ? ಮೊಣಕಾಲಿಗೆ ಎಣ್ಣಿ ಹಚಗೊಂಡ ಕುಂದರ್ತಿ ದಿನಾ!"

"ಎಂಟ ದಿನಾ ಅಂಗಡಿ ನೋಡ್ಕೋ" ಎಂದಳು, ಅಷ್ಟೇ.

ಮೊದಲ ದಿನ ಆಕೆಗೆ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲವಂತೆ. ಹಿಂಡಿನ ಹಿಂದಿನ ದೂಳು, ಮರಿಗಳ ಕೂಗು, ಬಿಸಿಲೇರುವಾಗ ಉಣ್ಣೆಯಿಂದ ಏಳುವ ವಾಸನೆ, ಎಲ್ಲ ಇದ್ದ ಹಾಗೇ ಇದ್ದವು. ಭರಮಪ್ಪ ಕೋಲು ಕೊಟ್ಟು, "ಅಕ್ಕಾ, ಎಡಕ ಹೊಡಿ" ಎಂದಾಗ ನಾಲ್ಕು ದಶಕ ಹಿಂದೆ ಸರಿದವು. ಎರಡನೆಯ ದಿನ ದಾರಿ ತಪ್ಪತೊಡಗಿತು. ಆಕೆಗೆ ಗೊತ್ತಿದ್ದ ಹುಣಸೆಮರದ ಜಾಗದಲ್ಲಿ ಪೆಟ್ರೋಲ್ ಪಂಪು. ನೀರು ಕುಡಿಸುತ್ತಿದ್ದ ಬಾವಿಗೆ ಕಬ್ಬಿಣದ ಜಾಳಿಗೆ, ಬೀಗ. ಅಗಲದ ರಸ್ತೆ ದಾಟಲು ಒಂದು ತಾಸು ಕಾದರು. ಮೂರನೆಯ ದಿನ ಮಧ್ಯಾಹ್ನ, ಕೆಂಪು ನೆಲ ಮುಗಿದು ಕರಿಮಣ್ಣು ಶುರುವಾಗುವಲ್ಲಿ, ಮೊಣಕಾಲು ಊದಿಕೊಂಡು ಆಕೆ ಕೂತುಬಿಟ್ಟಳು. ಏಳಲು ಆಗಲಿಲ್ಲ.

ಭರಮಪ್ಪ ಅಕ್ಕನನ್ನು ಎತ್ತಿ ಸಾಮಾನಿನ ಲಾರಿಯಲ್ಲಿ, ಅಂದು ಹುಟ್ಟಿದ ಮರಿಗಳ ಪಕ್ಕ ಕೂರಿಸಿದ. ಲಾರಿ ಮುಂದೆ ಹೋಯಿತು. ಹಿಂಡು ದೂರವಾಗುತ್ತ, ಕಡೆಗೆ ದೂಳಷ್ಟೇ ಉಳಿಯಿತು.

"ಅತ್ತೇನ್ರಿ ಮಾಸ್ತರ. ನೋವಿಗಲ್ಲ. ಇಷ್ಟ ವರ್ಷ, ಮದುವಿ ಆಗಿದ್ದಕ್ಕ, ಅಂಗಡಿ ಇದ್ದದ್ದಕ್ಕ ನಾ ನಡೀಲಿಲ್ಲ ಅನಕೊಂಡಿದ್ದೆ. ಇಲ್ಲಾಂದ್ರ ಈಗೂ ನಡೀತಿದ್ದೆ ಅಂತ. ಅವತ್ತ ತಿಳೀತು, ಇನ್ನ ಯಾರೂ ಬ್ಯಾಡನ್ನದಿದ್ರೂ ಆಗೂದಿಲ್ಲಂತ."

ಆದರೂ ಆಕೆ ತಿರುಗಿ ಬರಲಿಲ್ಲ. ಉಳಿದ ದಿನಗಳನ್ನು ಲಾರಿಯಲ್ಲೇ ಕಳೆದಳು. ಲಾರಿ ಮುಂದೆ ಹೋಗಿ ನಿಂತಲ್ಲಿ, ಸುವರ್ಣಾ ಒಲೆ ಹೂಡುವುದನ್ನು, ಕೂಸು ಸಂಭಾಳಿಸುವುದನ್ನು ಕೂತು ನೋಡಿದಳು. ಹಾಲು ಕುಡಿಸುವಾಗ ಸುವರ್ಣಾ ಮರೆಯಲ್ಲಿ ಎರಡು ನಿಮಿಷವೂ ನೆಮ್ಮದಿಯಿಂದ ಕೂರುತ್ತಿರಲಿಲ್ಲ. ಕುರಿ ಬೆಳೆಗೆ ನುಗ್ಗಿದವೋ ಎಂದು ಎದ್ದೆದ್ದು ಹೊರಗೆ ಇಣುಕುತ್ತಿದ್ದಳು. ಕಾದ ನೆಲ ಕಲ್ಲಿನಂತಾಗಿ ಗೂಟ ಇಳಿಯುತ್ತಿರಲಿಲ್ಲ. ಒಂದು ಕೈಯಲ್ಲಿ ಕೂಸು ಇದ್ದಾಗ ಇನ್ನೊಂದೇ ಕೈಯಿಂದ ಎಲ್ಲ ಕಟ್ಟಬೇಕಿತ್ತು. ಇದನ್ನೆಲ್ಲ ಬರೆದುಕೊಳ್ಳಲು ಆಕೆಗೆ ಅಕ್ಷರ ಬರುವುದಿಲ್ಲ. ನೆನಪಿನಲ್ಲೇ ಕಟ್ಟಿಕೊಂಡು ಬಂದಳು.

ಬಂದ ಮರುದಿನವೇ ಅಟ್ಟದ ಟೆಂಟುಗಳನ್ನೆಲ್ಲ ಇಳಿಸಿ ಮಾಬುಬಿಯ ಅಂಗಡಿಗೆ ಹೊತ್ತೊಯ್ದಳು. ಮಾಬುಬಿ ಕನ್ನಡಕ ಏರಿಸಿ ನೋಡಿದಳು.

"ಹೊಸಾ ಮಾಲಿಗೆ ಕತ್ತರಿ ಹಾಕಂತೀಯಲ್ಲ ಸಾವಂತ್ರಕ್ಕಾ, ನಿನ್ನ ಮಗಾ ನನ್ನ ಬಿಡ್ತಾನೇನ?"

"ನೀ ಹಾಕದಿದ್ರ ನಾ ಹಾಕ್ತೇನಿ. ಆಗ ಸೊಟ್ಟ ಆಕ್ಕೈತಿ."

ಮಾಳಿಂಗರಾಯ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟ. ಇಬ್ಬರು ಹೆಂಗಸರು ಆ ಮಳೆಗಾಲ ಪೂರ್ತಿ ಕತ್ತರಿಸಿದರು, ಹೊಲಿದರು, ಬಿಚ್ಚಿದರು. ಮೊದಲನೆಯದಕ್ಕೆ ತಂಪಿಗೆಂದು ಮೇಲೆ ಕಂಬಳಿ ಕೂಡಿಸಿದ್ದರು. ಬಸ್ಸಿನಲ್ಲಿ ಯರಗುಪ್ಪಿಗೆ ಕಳಿಸಿದರು. ಮಳೆಗೆ ತೊಯ್ದು ಎತ್ತಲಾರದಷ್ಟು ಭಾರವಾಯಿತೆಂದು ಸುವರ್ಣಾ ಫೋನು ಮಾಡಿದಳು. ಎರಡನೆಯದು ಹಗುರವಾಯಿತು, ಗಾಳಿಗೆ ಹಾರಿ ಯಾರದೋ ಮೆಣಸಿನ ಹೊಲದಲ್ಲಿ ಬಿತ್ತು. ಮೂರನೆಯದಕ್ಕೆ ನೆಲಹಾಸು ಕಿತ್ತುಹಾಕಿದರು. ಸುತ್ತಲಿನ ಅಂಚಿಗೆ ದಪ್ಪ ತಾಡಪತ್ರಿಯ ಉದ್ದನೆಯ ಜೇಬು ಹೊಲಿದರು. ಅದಕ್ಕೆ ಮಣ್ಣು ತುಂಬಿದರೆ ಗೂಟದ ಹಂಗಿಲ್ಲ. ಚೈನು ತೆಗೆದು, ಒಂದೇ ಕೈಯಲ್ಲಿ ಜಗ್ಗಿ ಕಟ್ಟುವ ಲಾಡಿ ಇಟ್ಟರು. ಕೂತವಳ ಕಣ್ಣಿನ ಎತ್ತರಕ್ಕೆ ಎರಡು ಬದಿಯಲ್ಲಿ ಸಣ್ಣ ಜಾಳಿಗೆಯ ಕಿಟಕಿ ಮಾಡಿದರು.

ಪುಷ್ಯದಲ್ಲಿ ಹಿಂಡು ಮತ್ತೆ ಮಿಶ್ರಿಕೋಟಿಗೆ ಬಂದಾಗ ಅದನ್ನು ಗದ್ದೆಯಲ್ಲಿ ಹಾಕಿದ ದಿನ ನಾನೂ ಹೋಗಿದ್ದೆ. ಸುವರ್ಣಾ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಲಾಡಿ ಕಟ್ಟಿಕೊಂಡಳು. ಸಾವಂತ್ರೆವ್ವ ಬದುವಿನ ಮೇಲೆ, ಪರೀಕ್ಷೆಯ ಫಲಿತಾಂಶ ಕಾಯುವ ಮಕ್ಕಳ ಹಾಗೆ ಕೂತಿದ್ದಳು. ಬಹಳ ಹೊತ್ತಾದರೂ ಸುವರ್ಣಾ ಹೊರಗೆ ಬರಲಿಲ್ಲ. ಕಡೆಗೆ ಒಳಗಿನಿಂದಲೇ ದನಿ ಬಂತು:

"ಅತ್ತಿ, ಇದರಾಗ ಕುಂತ್ರ ನನಗ ಕುರಿ ಎಲ್ಲಾ ಕಾಣತಾವ. ನಾ ಯಾರಿಗೂ ಕಾಣೂದಿಲ್ಲ."

ಸಾವಂತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಅಗದಿ ಬರೋಬ್ಬರಿ" ಎಂದಳು.

ಸುದ್ದಿ ಹಿಂಡಿನಿಂದ ಹಿಂಡಿಗೆ ಹೋಯಿತು. ಅಟ್ಟದ ಟೆಂಟುಗಳು ಆ ಬೇಸಿಗೆಗೆ ಮುಗಿದವು. ಆಮೇಲೆ ಬೇರೆ ಬಟ್ಟೆ ತರಿಸಿದರು. ದೊಡ್ಡ ವ್ಯಾಪಾರವೇನಲ್ಲ. ಹಿಂಡುಗಳೇ ಕಡಿಮೆಯಾಗಿರುವಾಗ ಅದು ಎಷ್ಟು ಬೆಳೆದೀತು? ಅಂಗಡಿಯ ಬಾಡಿಗೆ ಈಗಲೂ ಹುಲಿ ಚಿತ್ರದ ಬನಿಯನ್ನುಗಳಿಂದಲೇ ಹೊರಡುತ್ತದೆ, ಇದನ್ನು ಮಾಳಿಂಗರಾಯ ಆಗಾಗ ನೆನಪಿಸುತ್ತಾನೆ. ಆದರೆ ಅಂಗಡಿಯ ಹಿಂದಿನ ಅರ್ಧವನ್ನು ಅವನು ತಾಯಿಗೆ ಬಿಟ್ಟಿದ್ದಾನೆ. ಅಲ್ಲಿ ಮತ್ತೆ ಹಗ್ಗ, ಮರಿಗಳ ಬಲೆಚೀಲ, ಕತ್ತರಿ ಬಂದಿವೆ. ಮೊಬೈಲು ಚಾರ್ಜು ಮಾಡುವ ಸಣ್ಣ ಸೋಲಾರ್ ಹಲಗೆಯನ್ನು ಕುರಿಗಾರರು ಕೇಳುತ್ತಾರೆಂದು ಅವನೇ ತಂದಿಟ್ಟ. ಕುರಿಗಾರ ಹೆಂಗಸರು ಬಸ್ಸಿಳಿದು ಬರುತ್ತಾರೆ. ಚಹಾ ಆಗುತ್ತದೆ. ಬೇಕಾದ್ದನ್ನು ಕೊಂಡ ಮೇಲೂ ಒಂದು ತಾಸು ಕೂರುತ್ತಾರೆ.

ಕಳೆದ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇದ್ದಾಗ, ಬೆಳಗ್ಗೆ ಎಂಟರ ಸುಮಾರಿಗೆ ಅಂಗಡಿಗೆ ಹೋಗಿದ್ದೆ. ಆಗತಾನೇ ಬಾಗಿಲು ತೆಗೆದಿದ್ದರು. ಸಾವಂತ್ರೆವ್ವನ ಫೋನು ಬಡಿಯಿತು. ಸುವರ್ಣಾ. ಹಿಂಡು ಯರಗುಪ್ಪಿಗೆ ಹೊರಟಿತ್ತು, ಹೇಳಿ ಹೋಗೋಣವೆಂದು ಮಾಡಿದ್ದಳು. ಕೂಸು ಆರಾಮವೇ, ಲಾರಿ ಹೋಯಿತೇ ಎಂದು ಎರಡು ಮಾತಾದವು. "ಇಡ್ತೇನ್ರಿ ಅತ್ತಿ" ಎಂದಳು ಸುವರ್ಣಾ.

"ಇಡಬ್ಯಾಡ" ಎಂದಳು ಸಾವಂತ್ರೆವ್ವ. "ಮಾತಾಡೂದೇನ ಬ್ಯಾಡವ್ವಾ. ಹಂಗ ಉಡಿಯಾಗ ಇಟಗೊಂಡ ನಡಿ."

ಫೋನಿನ ದನಿ ದೊಡ್ಡದು ಮಾಡಿ, ಅದನ್ನು ಬಟ್ಟೆಯ ಥಾನಿನ ಮೇಲಿಟ್ಟು ಆಕೆ ಗೋಡೆಗೆ ಒರಗಿದಳು. ಮೊದಲು ಸೀರೆ ಸರಿದಾಡುವ ಗರಗರ ಸದ್ದು. ಆಮೇಲೆ ಗಂಟೆಗಳು, ಕುರಿಗಳ ಕೆಮ್ಮು, ಒಣ ನೆಲದ ಮೇಲೆ ನೂರಾರು ಗೊರಸುಗಳ ಸಣ್ಣ ಮಳೆಯಂಥ ಸದ್ದು. ದೂರದಲ್ಲಿ ಭರಮಪ್ಪ ಯಾರನ್ನೋ ಬಯ್ಯುತ್ತಿದ್ದ. ಆಕೆ ಕಣ್ಣು ಮುಚ್ಚಿರಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು, ಸೀರೆಯ ನಿರಿಗೆಯ ಕೆಳಗೆ ಪಾದ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು.

ಯಾರೋ ಒಬ್ಬ ಹುಡುಗ ಟೋಪಿ ಕೇಳಿಕೊಂಡು ಬಂದ. ಮಾಳಿಂಗರಾಯ ತುಟಿಯ ಮೇಲೆ ಬೆರಳಿಟ್ಟು, ಅವನನ್ನು ಹೊರಗೆ ಕಟ್ಟೆಗೆ ಕರೆದೊಯ್ದು, ಅಲ್ಲೇ ಒಂದೊಂದಾಗಿ ಟೋಪಿ ತೋರಿಸತೊಡಗಿದ.